ಸೀಟಿನ ಚಿಂತೆಯಲ್ಲಿ ನಿದ್ದೆ ಬರುತ್ತಿಲ್ಲ ಎಂದಿರಲ್ಲ, ಅದಕ್ಕೆ

ಸಿಇಟಿ ಬರೆದಾಗಿದೆ, ಬಿಎಸ್ಸಿ ನರ್ಸಿಂಗ್ ಸೀಟು ಸಿಗುತ್ತೋ ಇಲ್ಲವೋ ಎಂದು ಮಧ್ಯರಾತ್ರಿ ಎದ್ದು ಕೆಇಎ (ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟ್ ನೋಡುತ್ತೇನೆ ಎಂದಿದ್ದೀರಿ. ಓದಿ ಸಂಕಟವಾಯಿತು. ಈ ಕಾಯುವ ದಿನಗಳು ಪರೀಕ್ಷೆಗಿಂತ ಕಷ್ಟ ಅಲ್ವಾ?

ಮೊದಲು ಒಂದು ಮಾತು. ಮಾಕ್ ಅಲಾಟ್‌ಮೆಂಟ್ ನೋಡಿ ಎದೆ ಒಡೆದುಕೊಳ್ಳಬೇಡಿ. ಅದು ಯಾವ ಸೀಟು ಸಿಗಬಹುದು ಎಂದು ಮೊದಲೇ ತೋರಿಸುವ ಅಣಕು ಹಂಚಿಕೆ, ಅಂತಿಮವಲ್ಲ. ಅದಾದ ಮೇಲೂ ಆಪ್ಷನ್‌ಗಳ, ಅಂದರೆ ನೀವು ಆರಿಸಿ ಹಾಕಿದ ಕಾಲೇಜುಗಳ, ಕ್ರಮ ಬದಲಿಸಲು, ಹೊಸದನ್ನು ಸೇರಿಸಲು ಅವಕಾಶ ಕೊಡುತ್ತಾರೆ. ನಾಲ್ಕೈದು ಕಾಲೇಜು ಹಾಕಿ ಸುಮ್ನೆ ಕೂರಬೇಡಿ, ಸೇರಲು ಒಪ್ಪಿಗೆ ಇರುವ ಎಲ್ಲವನ್ನೂ ಹಾಕಿ. ನಿಜವಾಗಿ ಇಷ್ಟವಾದದ್ದೇ ಮೇಲಿರಲಿ. ನಿಮ್ಮ ಕೈಯಲ್ಲಿರುವ ಕೆಲಸ ಇದೇ, ಮನಸ್ಸನ್ನು ಇದಕ್ಕೆ ಕೊಡಿ. ವೆಬ್‌ಸೈಟ್ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ಸಾಕು. ರಾತ್ರಿ ಮೊಬೈಲು ಬೇರೆ ಕೋಣೆಯಲ್ಲಿರಲಿ.

ಬಿಎಸ್ಸಿ ಸಿಗದಿದ್ದರೂ ನರ್ಸ್ ಆಗುವ ದಾರಿ ಮುಚ್ಚುವುದಿಲ್ಲ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ 3 ವರ್ಷ, ಆಮೇಲೆ ಅದನ್ನು ಮುಗಿಸಿದವರಿಗಿರುವ ಪೋಸ್ಟ್ ಬೇಸಿಕ್ ಬಿಎಸ್ಸಿ 2 ವರ್ಷ. ನಾಲ್ಕು ವರ್ಷದ ನೇರ ಬಿಎಸ್ಸಿಗಿಂತ ಒಂದು ವರ್ಷ ಜಾಸ್ತಿ ಆಗಬಹುದು, ಆದರೆ ಡಿಗ್ರಿ ಕೈಗೆ ಬರುತ್ತದೆ. ನನ್ನ ಪ್ರಕಾರ ಇದು ಸೋತವರ ದಾರಿಯಲ್ಲ.

ಭಯದಲ್ಲಿ ಏಜೆಂಟರಿಗೆ ಮಾತ್ರ ಅಡ್ವಾನ್ಸ್ ಕೊಡಬೇಡಿ, ದಯವಿಟ್ಟು. ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ, ಬಿಎಸ್ಸಿಗಾದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪಟ್ಟಿಯಲ್ಲಿದೆಯೇ, ನೀವೇ ನೋಡಿ.

ಇಷ್ಟಾದರೂ ನಿದ್ದೆ, ಊಟ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಅಮ್ಮನಿಗೂ ಹೇಳಿ, ಒಬ್ಬರೇ ನುಂಗಿಕೊಳ್ಳಬೇಡಿ.