ಬಾಯಲ್ಲಿ ಮಾಯದ ಹುಣ್ಣು

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಮೊದಲಿನಿಂದಲೂ ಹೊಗೆಸೊಪ್ಪು ಹಾಕಿದ ಕವಳವೇ ಆಗಬೇಕು. ಎಡಗೆನ್ನೆಯ ಒಳಗೆ ಆದ ಹುಣ್ಣು ತಿಂಗಳಾದರೂ ಮಾಯುತ್ತಿಲ್ಲ. ನೋವಿಲ್ಲವಲ್ಲ, ಉಷ್ಣಕ್ಕೆ ಆಗಿದ್ದು ಎಂದು ಬಿ-ಕಾಂಪ್ಲೆಕ್ಸ್ ನುಂಗುತ್ತಿದ್ದಾರೆ. ಕತ್ತರಿಸಿ ಪರೀಕ್ಷೆ ಮಾಡಿದರೆ ಕಾಯಿಲೆ ಹರಡುತ್ತದೆ ಅನ್ನುತ್ತಾರೆ, ನಿಜವೇ?
– ಓದುಗರು, ಶಿರಸಿ

ಉತ್ತರ: ನೋವಿಲ್ಲದಿರುವುದೇ ಇಲ್ಲಿ ಯೋಚಿಸಬೇಕಾದ ಸಂಗತಿ. ಉಷ್ಣದ ಹುಣ್ಣು ಅನ್ನುತ್ತೇವಲ್ಲ, ಅದು ಮೊದಲ ದಿನದಿಂದಲೇ ಉರಿಯುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ಮಾಯುತ್ತದೆ, ಮುಂದಿನ ಸಲ ಬೇರೆ ಕಡೆ ಏಳುತ್ತದೆ. ಕ್ಯಾನ್ಸರಿನದು ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ, ಕೂತ ಜಾಗ ಬಿಡುವುದಿಲ್ಲ. ಮೂರು ವಾರ ದಾಟಿದ ಹುಣ್ಣನ್ನು ಮಾತ್ರೆ ನುಂಗಿ ಕಾಯಬಾರದು. ಈ ವಾರವೇ ಕರೆದೊಯ್ಯಿರಿ.

ಅಷ್ಟರೊಳಗೆ ಬೆಳಕಿಗೆ ಕೂರಿಸಿ ನೀವೇ ನೋಡಬಹುದು. ಬಾಯಿ ಮುಕ್ಕಳಿಸಿ ಕವಳದ ಕೆಂಪು ಹೋಗಲಿ. ಕೆನ್ನೆ ಎಳೆದು, ಕವಳ ಒತ್ತಿಟ್ಟುಕೊಳ್ಳುವ ವಸಡಿನ ಸಂದು ನೋಡಿ. ನಮ್ಮ ಕಡೆ ರೋಗ ಬಹಳ ಸಲ ಶುರುವಾಗುವುದೇ ಅಲ್ಲಿ. ನಾಲಿಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಅಂಚು, ಆಮೇಲೆ ಅಡಿಭಾಗ. ಬಿಳಿ ಮಚ್ಚೆ ಕಂಡರೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಮಖಮಲ್ಲಿನಂಥ ಕೆಂಪು ಮಚ್ಚೆ ಬಿಳಿಯದಕ್ಕಿಂತ ಅಪಾಯಕಾರಿ. ಹುಣ್ಣಿನ ಅಂಚು ಬೆರಳಿಗೆ ಗಟ್ಟಿ ಸಿಗುವುದು, ಮುಟ್ಟಿದರೆ ರಕ್ತ ಒಸರುವುದು, ಕಾರಣವಿಲ್ಲದೆ ಹಲ್ಲು ಅಲ್ಲಾಡುವುದು, ತುಟಿ ಜೋಮು ಹಿಡಿಯುವುದು, ದವಡೆಯ ಕೆಳಗೆ ನೋವಿಲ್ಲದ ಗಂಟು: ಯಾವುದಿದ್ದರೂ ತಡ ಮಾಡಬೇಡಿ.

ಮೊನಚು ಹಲ್ಲು ತಗುಲಿಯೂ ಹುಣ್ಣಾಗುತ್ತದೆ. ದಂತವೈದ್ಯರು ಅದನ್ನು ಉಜ್ಜಿ ನಯ ಮಾಡಿದ ಮೇಲೂ ಎರಡು ವಾರದಲ್ಲಿ ಮಾಯದಿದ್ದರೆ ಬಯಾಪ್ಸಿಯೇ, ಅಂದರೆ ತುಂಡು ಕತ್ತರಿಸಿ ಮಾಡುವ ಆ ಪರೀಕ್ಷೆಯೇ ದಾರಿ. ಹರಡುತ್ತದೆಂಬ ಭಯ ಬಿಡಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹುಣ್ಣಿನ ಅಂಚಿನಿಂದ ಕೆಲವೇ ಮಿಲಿಮೀಟರ್ ತುಂಡು ತೆಗೆಯುತ್ತಾರೆ. ನಡುವಿನಿಂದ ತೆಗೆದರೆ ಬರೀ ಸತ್ತ ಅಂಗಾಂಶ ಸಿಕ್ಕಿ ರೋಗ ತಪ್ಪಿಹೋಗಬಹುದು. ರೋಗ ಬೆಳೆಯುವುದು ತಡ ಮಾಡಿದ್ದರಿಂದ, ಕತ್ತರಿಯಿಂದಲ್ಲ.

ಪ್ರಶ್ನೆ: ನಾನು ತಂಬಾಕು ಮುಟ್ಟುವುದಿಲ್ಲ, ಬರೀ ಅಡಿಕೆ. ಈಚೆಗೆ ಸಾರಿನ ಖಾರವೂ ಬಾಯಿ ಉರಿಸುತ್ತದೆ.
– ಓದುಗರು, ಸಾಗರ

ಉತ್ತರ: ತೋಟದವರಿಗೆ ಹಿಡಿಸದ ಮಾತಾದರೂ ಹೇಳಲೇಬೇಕು: ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕದಿಂದ ಕೆನ್ನೆಯ ಒಳಪದರದಲ್ಲಿ ನಾರು ಸೇರಿ ಗಡಸಾಗುತ್ತದೆ. ಖಾರ ತಡೆಯದಿರುವುದು ಅದರ ಮೊದಲ ಸುಳಿವು, ಆಮೇಲೆ ಬಾಯಿ ಬಿಗಿಯುತ್ತದೆ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಎರಡೇ ಹಿಡಿಸಿದರೆ ಬಿಗಿತ ಶುರುವಾಗಿದೆ ಎಂದು ತಿಳಿಯಿರಿ. ಅಡಿಕೆ ಬಿಟ್ಟರೆ ಉರಿ ತಗ್ಗಬಹುದು, ಆದರೆ ಕೂತ ನಾರು ತಾನಾಗಿ ಕರಗದು. ಅದಕ್ಕೇ ದಂತವೈದ್ಯರು ಐಸ್‌ಕ್ರೀಮ್ ಕಡ್ಡಿಗಳನ್ನು ಹಲ್ಲುಗಳ ನಡುವೆ ಪೇರಿಸಿ, ದಿನಗಳೆದಂತೆ ಒಂದೊಂದೇ ಹೆಚ್ಚಿಸುವ ವ್ಯಾಯಾಮ ಕಲಿಸುತ್ತಾರೆ. ಬಿಟ್ಟ ಮೇಲೂ ಆರು ತಿಂಗಳಿಗೊಮ್ಮೆ ಬಾಯಿ ತೋರಿಸುತ್ತಿರಿ.