ವಿಭಜನೆಗೆ ಮೊದಲು ಯೀಸ್ಟ್ ಕೋಶ ತಾನು ಸಾಕಷ್ಟು ಬೆಳೆದಿದೆ ಅಂತ ಹೇಗೆ ತಿಳಿಯುತ್ತದೆ? ಅಳೆಯುವ ಪ್ರೋಟೀನ್ ಯಾವುದು?

ನಾನು ಲ್ಯಾಬಿಗೆ ಸೇರಿದಾಗ ಹುಡುಕುತ್ತಿದ್ದದ್ದೂ ಇದೇ ಪ್ರೋಟೀನನ್ನು. ಒಂದೊಂದೇ ಜೀನ್ ತೆಗೆದ ಯೀಸ್ಟ್ ಬೆಳೆಸುವುದು, ಗಾತ್ರ ಅಳೆಯುವುದು. ಯಾವ ಜೀನ್ ಹೋದಾಗ ಕೋಶ ಚಿಕ್ಕದಾಗುತ್ತದೋ ಅದು ವಿಭಜನೆಗೆ ಬ್ರೇಕ್ ಇರಬೇಕು ಅನ್ನುವ ಲೆಕ್ಕ. ಲೆಕ್ಕ ತಪ್ಪೇನಲ್ಲ. 1970ರ ದಶಕದಲ್ಲಿ ಜೀವವಿಜ್ಞಾನಿ ಪಾಲ್ ನರ್ಸ್ ಅವರಿಗೆ ವೀ1 (Wee1) ಜೀನ್ ಸಿಕ್ಕಿದ್ದು ಹೀಗೆ ಚಿಕ್ಕದಾಗಿಯೇ ಒಡೆಯುವ ಕೋಶಗಳನ್ನು ಗಮನಿಸಿದ್ದರಿಂದ.

ನನಗೂ ಒಂದು ಚಿಕ್ಕ ಕೋಶದ ಮ್ಯುಟೆಂಟ್ (ಜೀನ್ ತೆಗೆದ ಯೀಸ್ಟ್) ಸಿಕ್ಕಿತು. ಎಡವಿದ್ದು ಅಲ್ಲೇ. ಈ ಮ್ಯುಟೆಂಟ್ ನಿಧಾನಕ್ಕೆ ಬೆಳೆಯುತ್ತದೆ ಅಂದುಕೊಂಡು ಅದನ್ನು ಮಾತ್ರ ಹಿಂದಿನ ಸಂಜೆಯೇ ಸ್ವಲ್ಪ ಜಾಸ್ತಿ ಹಾಕಿ ಶೇಕರ್‌ನಲ್ಲಿ ಇಡುತ್ತಿದ್ದೆ. ಸಾಮಾನ್ಯ ಯೀಸ್ಟನ್ನು ಬೆಳಗ್ಗೆ ಹೊಸ ಮೀಡಿಯಾಕ್ಕೆ, ಅಂದರೆ ಯೀಸ್ಟ್ ಬೆಳೆಸುವ ಆಹಾರದ ದ್ರವಕ್ಕೆ, ಹಾಕುತ್ತಿದ್ದೆ. ಅಳೆಯುವ ಹೊತ್ತಿಗೆ ಮ್ಯುಟೆಂಟ್ ಫ್ಲಾಸ್ಕ್ ಬೆಳ್ಳಗೆ ಮಂದವಾಗಿರುತ್ತಿತ್ತು, ಇನ್ನೊಂದು ಇನ್ನೂ ತೆಳುವಾಗಿರುತ್ತಿತ್ತು. ಎರಡರ ಓಡಿಯನ್ನೂ (OD, ಅಂದರೆ ದ್ರವ ಎಷ್ಟು ಮಂದವಾಗಿದೆ ಅನ್ನುವ ಅಳತೆ) ನೋಟ್‌ಬುಕ್‌ನಲ್ಲಿ ನಾನೇ ಬರೆದಿದ್ದೆ. ಆದರೆ ಆ ಅಂಕಿಗಳನ್ನು ಗಾತ್ರದ ಜೊತೆ ಇಟ್ಟು ನೋಡಲಿಲ್ಲ. ಮಂದವಾದ ಕಲ್ಚರ್‌ನಲ್ಲಿ ಗ್ಲುಕೋಸ್ ಬಹುಪಾಲು ಖಾಲಿ. ಗ್ಲುಕೋಸ್ ಕಡಿಮೆಯಾದರೆ ಸಾಮಾನ್ಯ ಯೀಸ್ಟ್ ಕೂಡ ಚಿಕ್ಕ ಗಾತ್ರದಲ್ಲೇ ಮೊಗ್ಗು ಬಿಡುತ್ತದೆ; ಆ ಮೊಗ್ಗೇ ಬೆಳೆದು ಮರಿ ಕೋಶವಾಗಿ ಬೇರೆಯಾಗುವುದು. ಅಂದರೆ ನನಗೆ ಕಂಡಿದ್ದು ಸಕ್ಕರೆಯ ಪರಿಣಾಮ, ಜೀನ್‌ನದ್ದಲ್ಲ. ಎರಡನ್ನೂ ಒಂದೇ ಓಡಿಯಲ್ಲಿ ಅಳೆದಾಗ ವ್ಯತ್ಯಾಸವೇ ಉಳಿಯಲಿಲ್ಲ. ಥೀಸಿಸ್‌ನ ಒಂದು ಅಧ್ಯಾಯ ಪೂರ್ತಿ ಕೈಬಿಡಬೇಕಾಯಿತು.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. 'ಇಷ್ಟಾದರೆ ಸಾಕು' ಅನ್ನುವ ನಿಗದಿತ ಅಳತೆ ಕೋಶದೊಳಗೆ ಇಲ್ಲ. ಊಟ ಚೆನ್ನಾಗಿದ್ದರೆ ಆ ಗಡಿ ಮೇಲೇರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಅಳೆಯುವ ಪ್ರೋಟೀನ್ ಒಂದೇ ಇರಬೇಕು ಅನ್ನುವುದೂ ನಮ್ಮ ಆಸೆ ಅಷ್ಟೇ.

ಹಾಗಂತ ಏನೂ ಗೊತ್ತಿಲ್ಲ ಅಂತಲ್ಲ. ವಿಭಜನೆಗೆ ಬ್ರೇಕ್ ಹಾಕುವ ವಿ5 (Whi5) ಅನ್ನುವ ಪ್ರೋಟೀನ್‌ಗೆ ಹಸಿರು ಹೊಳಪು ಅಂಟಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಆಗ ತಾನೇ ಬೇರೆಯಾದ ಮರಿ ಕೋಶ ತಾಯಿಗಿಂತ ಚಿಕ್ಕದು, ನ್ಯೂಕ್ಲಿಯಸ್‌ನಲ್ಲಿ ಹಸಿರು ಚುಕ್ಕೆ. ತಾಯಿ ಬೇಗ ಮತ್ತೆ ಮೊಗ್ಗು ಬಿಡುತ್ತದೆ. ಮರಿ ಕಾಯುತ್ತಾ ಬೆಳೆಯುತ್ತದೆ. ಒಂದು ಹಂತದಲ್ಲಿ ಚುಕ್ಕೆ ಕರಗಿ ಹಸಿರು ಇಡೀ ಕೋಶಕ್ಕೆ ಹರಡುತ್ತದೆ. ಆಮೇಲೆ ಮೊಗ್ಗು. ವಿಜ್ಞಾನಿ ಲೀ ಹಾರ್ಟ್‌ವೆಲ್ 'ಸ್ಟಾರ್ಟ್' ಅಂತ ಕರೆದ ಘಟ್ಟ ಇದು. ಅವರಿಗೂ ನರ್ಸ್‌ಗೂ ಟಿಮ್ ಹಂಟ್‌ಗೂ 2001ರಲ್ಲಿ ನೊಬೆಲ್ ಬಂದದ್ದು ಕೋಶಚಕ್ರದ ಕೆಲಸಕ್ಕೇ.

2015ರಲ್ಲಿ ಒಂದು ವಿವರಣೆ ಬಂತು. ಮರಿಗೆ ಸಿಕ್ಕ ವಿ5 ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಕೋಶ ಮಾತ್ರ ಹಿಗ್ಗುತ್ತದೆ. ಒಂದೇ ಚಮಚ ಬಣ್ಣಕ್ಕೆ ನೀರು ಸೇರಿಸುತ್ತಾ ಹೋದ ಹಾಗೆ ವಿ5 ತೆಳುವಾಗುತ್ತದೆ, ಬ್ರೇಕ್ ಸಡಿಲವಾಗುತ್ತದೆ. ಎಷ್ಟು ಚಂದ ಅಲ್ವಾ? ಆದರೆ ಆಮೇಲೆ ಬೇರೆ ಲ್ಯಾಬ್‌ಗಳು ಅಳೆದಾಗ ಆ ಹಂತದಲ್ಲಿ ವಿ5 ಅಷ್ಟೇನೂ ತೆಳುವಾಗುವುದು ಕಾಣಲಿಲ್ಲ. ಬ್ರೇಕ್ ಸಡಿಲಿಸುವ ಸಿಎಲ್‌ಎನ್3 (Cln3) ಅನ್ನುವ ಪ್ರೋಟೀನ್ ಏರುವುದೇ ಮುಖ್ಯ ಅನ್ನುವ ವಾದವೂ ಇದೆ.

ಇನ್ನೊಂದು ಕಡೆಯನ್ನು ಜನ ಮರೆಯುತ್ತಾರೆ. ಮೊಗ್ಗು ಬಂದ ಮೇಲೂ ತಪಾಸಣೆ ಮುಗಿಯುವುದಿಲ್ಲ. ಮೊಗ್ಗು ಬೆಳೆಯಬೇಕಾದರೆ ಹೊಸ ಪೊರೆ ಬೇಕು, ಅದನ್ನು ಸಣ್ಣ ಸಣ್ಣ ಚೀಲಗಳು ಹೊತ್ತು ತರುತ್ತವೆ. ಆ ಸಾಗಣೆ ತಡೆದರೆ ಕೋಶ ಮೈಟೋಸಿಸ್‌ಗೆ (ನ್ಯೂಕ್ಲಿಯಸ್ ಎರಡಾಗುವ ಹಂತ) ಹೋಗದೆ ನಿಲ್ಲುತ್ತದೆ, ಅದೂ ವೀ1 ಬಳಗದ ಪ್ರೋಟೀನ್ ಮೂಲಕವೇ. ಅಂದರೆ ಒಟ್ಟು ಗಾತ್ರಕ್ಕಿಂತ ಬೆಳವಣಿಗೆ ನಡೆಯುತ್ತಿದೆಯಾ ಅನ್ನುವುದನ್ನೇ ಕೋಶ ಗಮನಿಸುತ್ತಿರಬಹುದು. ನನಗಂತೂ ಇದೇ ಜಾಸ್ತಿ ನಂಬುವಂಥದ್ದು ಅನಿಸುತ್ತದೆ.

ನೀವೇ ಪ್ರಯೋಗ ಮಾಡುವುದಾದರೆ ಸರಾಸರಿ ಗಾತ್ರವನ್ನು ನಂಬಬೇಡಿ. ತಾಯಿ, ಮರಿ ಕೋಶಗಳನ್ನು ಬೇರೆ ಬೇರೆಯಾಗಿ ನೋಡಿ. ಎರಡು ಫ್ಲಾಸ್ಕಿನ ಓಡಿ ಒಂದೇ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಗಾತ್ರ ಅಳೆಯಿರಿ.