ಎರಡು ದಿನಕ್ಕೆ ಕಾರವಾರ ಸಾಕಾ, ಗೋಕರ್ಣ ಗೋವಾನೂ ಸೇರಿಸಬಹುದಾ?

ನೀವು ಬರೆದಿರುವ ಪ್ರಕಾರ ನಾಲ್ಕು ಜನ: ನೀವಿಬ್ಬರು, ಆರು ವರ್ಷದ ಮಗಳು, ಮಂಡಿನೋವಿರುವ ಅಮ್ಮ. ಶುಕ್ರವಾರ ಸಂಜೆ ಬೆಂಗಳೂರು ಬಿಟ್ಟು ಸೋಮವಾರ ಬೆಳಗ್ಗೆ ವಾಪಸ್. ಕಾರವಾರದ ಜೊತೆ ಗೋಕರ್ಣ, ಸಾಧ್ಯವಾದರೆ ಗೋವಾದ ಪಾಲೋಲೆಂ ಕೂಡ ಮುಗಿಸಬಹುದಾ ಅಂತ ಕೇಳಿದ್ದೀರಿ.

ಬೇಡ. ಕಾರವಾರ ಒಂದೇ ಇಟ್ಟುಕೊಳ್ಳಿ.

ನಾನು ಕಾರವಾರದವನಲ್ಲ, ಆ ಊರಿನ ಅಳಿಯ. ಮದುವೆಯಾದ ಹೊಸದರಲ್ಲಿ ನಾನೂ ಇದೇ ಪಟ್ಟಿ ಹಿಡಿದು ಹೊರಟಿದ್ದೆ. ಗೋಕರ್ಣ ದಕ್ಷಿಣಕ್ಕೆ 60 ಕಿ.ಮೀ. ಆಸುಪಾಸು, ಪಾಲೋಲೆಂ ಉತ್ತರಕ್ಕೆ. ನಕ್ಷೆಯಲ್ಲಿ ಬೆರಳಿಟ್ಟರೆ ಏನೂ ದೂರವಿಲ್ಲ. ಆ ಎರಡು ದಿನ ಸಮುದ್ರಕ್ಕಿಂತ ಮುಂದಿದ್ದ ಲಾರಿಗಳ ಬೆನ್ನು ನೋಡಿದ್ದೇ ಜಾಸ್ತಿ. "ಗೋವಾ ಹ್ಯಾಂಗಿತ್ತು?" ಅಂತ ಮಾವ ಇವತ್ತಿಗೂ ಕೇಳಿ ನಗುತ್ತಾರೆ.

ಕಾರಿನಲ್ಲಿ ಹೋದರೆ 500 ಕಿ.ಮೀ. ಮೀರುತ್ತದೆ. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿಯುವಷ್ಟರಲ್ಲಿ ಅಮ್ಮನ ಮಂಡಿ ಹಿಡಿದುಕೊಂಡಿರುತ್ತದೆ. ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿಯಿರಿ. ಸಂಜೆ ಬೆಂಗಳೂರು ಬಿಟ್ಟರೆ ಬೆಳಗ್ಗೆ ಕಾರವಾರ. ಭಾನುವಾರ ಸಂಜೆ ಅಲ್ಲಿಂದ ಹತ್ತಿದರೆ ಸೋಮವಾರ ಬೆಳಗ್ಗೆ ಬೆಂಗಳೂರು. ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ವಾರಾಂತ್ಯದ ಸೀಟು ಬೇಗ ಖಾಲಿಯಾಗುತ್ತವೆ, ಅಮ್ಮನಿಗೆ ಕೆಳಗಿನ ಬರ್ತ್ ಬೇರೆ ಬೇಕಲ್ವಾ. ಇನ್ನೊಂದು, ಸ್ಟೇಷನ್ ಇರುವುದು ಊರೊಳಗೆ ಅಲ್ಲ, ಶಿರವಾಡದಲ್ಲಿ. ವಾಪಸ್ ಬರುವಾಗ ಆಟೋಗೆ ಅಂತಲೇ ಒಂದಿಷ್ಟು ಸಮಯ ಇಟ್ಟುಕೊಳ್ಳಿ. ನಾನೊಮ್ಮೆ ಪ್ಲಾಟ್‌ಫಾರ್ಮ್ ಮುಟ್ಟುವಾಗ ಕೊನೆಯ ಬೋಗಿಯ ಬೆನ್ನು ಕಾಣುತ್ತಿತ್ತು.

ಶನಿವಾರ ಸ್ನಾನ, ತಿಂಡಿ ಮುಗಿಸಿ ಸುಮ್ನೆ ಒಂದು ನಿದ್ದೆ ಮಾಡಿ. ಸಂಜೆ ನಾಲ್ಕರ ನಂತರ ಟ್ಯಾಗೋರ್ ಕಡಲತೀರಕ್ಕೆ ನಡೆಯಿರಿ. ಆ ಹೆಸರು ಸುಮ್ಮನೆ ಬಂದದ್ದಲ್ಲ. ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದಲ್ಲಿ ಅಣ್ಣನ ಮನೆಗೆ ಬಂದ ತಮ್ಮ ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿದ್ದನ್ನು ಬರೆದಿದ್ದಾರೆ, ಇಲ್ಲೇ ಒಂದು ನಾಟಕವನ್ನೂ ಬರೆದರು. ನಿಮ್ಮ ಮಗಳಿಗೆ ಇದೆಲ್ಲ ಬೇಡ, ಅವಳಿಗೆ ಅಲ್ಲೇ ದಡದಲ್ಲಿ ಐಎನ್‌ಎಸ್ ಚಪಲ ಇದೆ. ನೌಕಾಪಡೆಯ ಕ್ಷಿಪಣಿ ನೌಕೆ, ಈಗ ಮ್ಯೂಸಿಯಂ. ಒಳಗೆ ಹೋಗಿ ನಾವಿಕರು ಮಲಗುತ್ತಿದ್ದ ಇಕ್ಕಟ್ಟಿನ ಜಾಗ ತೋರಿಸಿ. ಪಕ್ಕದಲ್ಲೇ ಟುಪೊಲೆವ್ ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. ಹಡಗಿನ ಏಣಿ ಕಡಿದಾಗಿದೆ, ಅಮ್ಮ ಹೊರಗೆ ಕಡಲೆಕಾಯಿ ತಿನ್ನುತ್ತ ಕೂತಿರಲಿ.

ಅದೃಷ್ಟ ಇದ್ದರೆ ಆ ತೀರದಲ್ಲೇ ಏಂಡಿ ಬಲೆ ಎಳೆಯುವುದು ಸಿಗುತ್ತದೆ. ಸಿಕ್ಕರೆ ಬೇರೆಲ್ಲ ಬಿಟ್ಟು ನಿಂತುಬಿಡಿ. ದೋಣಿಯವರು ಬಲೆಯನ್ನು ಅರ್ಧ ಚಂದ್ರದ ಹಾಗೆ ನೀರಿಗೆ ಬಿಟ್ಟು ಬರುತ್ತಾರೆ. ಹಗ್ಗದ ಎರಡು ತುದಿಗೆ ಎರಡು ಸಾಲು ಜನ. ಕಾಲು ಮರಳಿಗೆ ಊರಿ, ಹಿಂದಕ್ಕೆ ವಾಲಿ, ಒಟ್ಟಿಗೆ ಎಳೆಯುತ್ತಾರೆ. ತುದಿಯಲ್ಲಿದ್ದವನು ಹಗ್ಗ ಬಿಟ್ಟು ಮತ್ತೆ ನೀರಿನ ಹತ್ತಿರ ಹೋಗಿ ಹಿಡಿಯುತ್ತಾನೆ. ಬಲೆ ಸಣ್ಣದಾಗುತ್ತಾ ಬಂದ ಹಾಗೆ ಕಾಗೆ, ಹದ್ದು, ಬುಟ್ಟಿ ಹಿಡಿದ ಹೆಂಗಸರು ಎಲ್ಲರೂ ಹತ್ತಿರ ಬರುತ್ತಾರೆ. ಕೊನೆಗೆ ಮರಳ ಮೇಲೆ ಬೆಳ್ಳಗೆ ಚಡಪಡಿಸುವ ಮೀನು. ಮೊದಲ ಸಲ ನನ್ನ ಮಗನೂ ಹಗ್ಗಕ್ಕೆ ಕೈ ಹಾಕಿದ್ದ. ಯಾರೋ ಒಬ್ಬರು ಅವನ ಅಂಗೈಗೆ ಎರಡು ತಾರ್ಲೆ ಮೀನು ಇಟ್ಟು "ನಿನ್ನ ಕೂಲಿ" ಅಂದರು. ರೂಮಿನ ತನಕ ಬಿಡಲೇ ಇಲ್ಲ.

ಭಾನುವಾರ ಬೆಳಗ್ಗೆ ನೀವು ಮೀನು ಮಾರುಕಟ್ಟೆಗೆ ಹೋಗಿ, ಕೊಳ್ಳದಿದ್ದರೂ ಪರವಾಗಿಲ್ಲ. ನಮ್ಮತ್ತೆ ಮೊದಲು ಕಿವಿರು ಎತ್ತಿ ನೋಡುತ್ತಾರೆ, ಕೆಂಪಗಿರಬೇಕು. ಆಮೇಲೆ ಬೆರಳಿನಿಂದ ಒತ್ತುತ್ತಾರೆ, ಕುಳಿ ನಿಲ್ಲಬಾರದು. ಆಮೇಲೆ ಕೊಂಕಣಿಯಲ್ಲಿ ಶುರುವಾಗುವ ಚೌಕಾಸಿಗೆ ನನ್ನನ್ನು ಹತ್ತಿರ ಸೇರಿಸುವುದಿಲ್ಲ, ಅಳಿಯನ ಮುಖ ನೋಡಿದರೆ ರೇಟು ಏರುತ್ತದಂತೆ! ಮಧ್ಯಾಹ್ನ ಸಣ್ಣ ಖಾನಾವಳಿ ಹುಡುಕಿ ಬಂಗಡೆ ಸಾರು, ರವಾ ಹಾಕಿ ಹುರಿದ ನೊಗಲಿ ಮೀನು, ಕೊನೆಗೆ ಕೋಕಂ ಹಾಕಿದ ಸೋಲ್ ಕಡಿ ಕುಡಿಯಿರಿ. ಜೂನ್, ಜುಲೈ ಎರಡೂ ತಿಂಗಳು ಮೀನು ಹಿಡಿಯುವ ಟ್ರಾಲರ್ ದೋಣಿಗಳಿಗೆ ನಿಷೇಧ. ಆಗ ಒಂದು ಹೋಟೆಲಿನಲ್ಲಿ "ಇವತ್ತಿಂದೇ" ಅಂತ ಬಡಿಸಿದ ಮೀನಿನ ಒಳಗೆ ಇನ್ನೂ ಬರ್ಫ ಇತ್ತು. ಮಳೆಗಾಲದಲ್ಲಿ ಸಮುದ್ರಕ್ಕೂ ಇಳಿಯುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ನೆನಪಿರಬಹುದು. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ.

ಕುರುಮಗಡ ದ್ವೀಪ ಅಮ್ಮನ ಜೊತೆ ಬೇಡ. ದೋಣಿಯಿಂದ ಇಳಿಯುವುದೇ ಕಷ್ಟ. ನೀವಷ್ಟೇ ಹೋಗುವುದಾದರೆ ಲೈಫ್ ಜಾಕೆಟ್ ಎಲ್ಲರಿಗೂ ಇದೆಯಾ ನೋಡಿ, ತುಂಬಿಸಿಕೊಂಡಿದ್ದರೆ ಹತ್ತಬೇಡಿ. 2019ರ ಜನವರಿಯಲ್ಲಿ ಅಲ್ಲಿಯ ನರಸಿಂಹ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ತೀರಿಕೊಂಡರು. ಮಾಜಾಳಿಯ ಹತ್ತಿರದ ತಿಳಮಾತಿ, ಅಂದರೆ ಎಳ್ಳಿನಂಥ ಕಪ್ಪು ಮರಳಿನ ತೀರ, ಚೆನ್ನಾಗಿದೆ. ಅದಕ್ಕೂ ಗುಡ್ಡ ಹತ್ತಿ ಇಳಿಯಬೇಕು. ಅಮ್ಮನಿಗೆ ಸರಿಯಾದದ್ದು ಕಾಳಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಅರಣ್ಯ ಇಲಾಖೆ ನಡೆಯಲು ಹಲಗೆ ಹಾದಿ ಮಾಡಿದೆ. ನೆರಳಿದೆ, ಕೆಳಗೆ ಕೆಸರಿನಲ್ಲಿ ಏಡಿಗಳು ಓಡಾಡುತ್ತವೆ, ಮಗಳಿಗೂ ಖುಷಿ. ಸಮಯ ಉಳಿದರೆ ಆಟೋದಲ್ಲೇ ಕಾಳಿ ಸೇತುವೆ ದಾಟಿ ಸದಾಶಿವಗಡದ ಕಡೆ ಹೋಗಿ ಬನ್ನಿ. 2024ರ ಆಗಸ್ಟ್‌ನಲ್ಲಿ ಕುಸಿದದ್ದು ಹಳೇ ಸೇತುವೆ, ಈಗಿನದು ಬೇರೆ.

ಅರಗಾ ಕಡೆ ನೌಕಾನೆಲೆ ಇದೆ, ಅಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ.

ಊರಿಗೆ ಅಂತ ಒಣ ಸಿಗಡಿ ಕೊಂಡರೆ ಮೂರು ಚೀಲ ಹಾಕಿ ಬಿಗಿಯಾಗಿ ಕಟ್ಟಿಸಿ. ನಾನು ಒಂದೇ ಚೀಲದಲ್ಲಿ ತಂದಿದ್ದೆ. ಕುಂದಾಪುರ ಬರುವಷ್ಟರಲ್ಲಿ ಎದುರಿನ ಸೀಟಿನ ಅಜ್ಜಿ ಮೂಗಿಗೆ ಸೆರಗು ಹಿಡಿದುಕೊಂಡು ನಮ್ಮ ಬ್ಯಾಗನ್ನೇ ನೋಡುತ್ತಿದ್ದರು.